ಹಸನು

ಕೊಪೆಲಾದ ಗಂಟೆಗೂಡಿಗೆ ಇಪ್ಪತ್ತೊಂಬತ್ತು ಮೆಟ್ಟಿಲು.
ಇಪ್ಪತ್ತನೆಯದು ಸಡಿಲ. ಗೊತ್ತಿದ್ದವರು ದಾಟಿ ಹತ್ತುತ್ತಾರೆ.
ಗೊತ್ತಿದ್ದವರು ಅಂದರೆ ಇಬ್ಬರೇ:
ಗಂಟೆ ಹೊಡೆಯುವ ಮಿನಿನ್ ಬಾಬ್, ಕಸ ಹೊಡೆಯುವ ನಾನು.
ಮೂರನೆಯದು ಗೂಬೆ. ಅದಕ್ಕೆ ಮೆಟ್ಟಿಲು ಬೇಡ.

ದಿವಾಡಿಗೆ ಬಂದ ಹೊಸದರಲ್ಲಿ ಅದನ್ನು ಕಂಡು
ಎದೆಗೆ ಥೂ ಥೂ ಉಗುಳಿಕೊಂಡಿದ್ದೆ.
ಕುಷ್ಟಗಿಯಲ್ಲಿ ಅವ್ವ ಹೇಳುತ್ತಿದ್ದಳು,
ಗೂಬೆ ಕೂತ ಮನೆ ಆರು ತಿಂಗಳು ಬಿಡಬೇಕವ್ವಾ ಅಂತ.
ದೇವರ ಮನೆಯನ್ನು ಯಾರು ಬಿಡುತ್ತಾರೆ?
‘ಉಲ್ಗಿ, ಅದು ನಮ್ಮ ಹಳೇ ಪಾದ್ರಿ’ ಎಂದು ನಕ್ಕ ಮಿನಿನ್ ಬಾಬ್.
ಹುಲಿಗೆವ್ವ ಅನ್ನಲು ಅವನ ನಾಲಿಗೆ ಹೊರಳದು.

ನುಂಗಿದ್ದರಲ್ಲಿ ಅರಗದ್ದನ್ನು
ಗೂಬೆ ಉಂಡೆ ಮಾಡಿ ಕಕ್ಕುತ್ತದೆ,
ಹೆಬ್ಬೆರಳು ಗಾತ್ರದ ಕರಿ ಉಂಡೆ.
ಎರಡು ವರ್ಷ ಗುಡಿಸಿ ಗುಡಿಸಿ ತೆಂಗಿನ ಬುಡಕ್ಕೆ ಸುರಿದೆ.
ಆಮೇಲೆ ಫೆರಿ ಇಳಿದು ಬಂದಳು ಲೆನಿತಾ,
ಕೈಯಲ್ಲಿ ಚಿಮಟ, ಭೂತಗನ್ನಡಿ; ಮೊಣಕಾಲತನಕ ಕೆಸರು.
‘ಎಸೆಯಬೇಡ. ಗದ್ದೆಯಲ್ಲಿ ಯಾರ್ಯಾರಿದ್ದಾರೆ ಅಂತ
ಇದರಲ್ಲೇ ಬರೆದಿದೆ.’

ಬೆಚ್ಚನೆ ನೀರಲ್ಲಿ ನೆನೆಹಾಕಿ ಬಿಡಿಸಿದರೆ
ತುಪ್ಪಳದೊಳಗೆ ಎಲುಬು.
ಅವಳು ಬಿಳಿ ತಟ್ಟೆ ತಂದಿದ್ದಳು. ನಾನು ಮೊರ ತಂದೆ.
ನುಚ್ಚಿನಲ್ಲಿ ಕಲ್ಲು ಆರಿಸಿದ ಕಣ್ಣಿಗೆ
ದವಡೆ ಯಾವುದು, ಪಕ್ಕೆಲುಬು ಯಾವುದು
ಯಾರೂ ಹೇಳಿಕೊಡಬೇಕಿಲ್ಲ.
ಬಾಚಿಹಲ್ಲು ಅರಿಶಿನದ ಬಣ್ಣವಾದರೆ ಇಲಿ.
ಬಿಳಿ ಗರಗಸವಾದರೆ ಸುಂಡಿಲಿ;
ಅದಕ್ಕೆ ಹುಳವೇ ಊಟ, ಹುಳ ಸತ್ತ ಮಣ್ಣಲ್ಲಿ ಅದಿಲ್ಲ.
ತೀರ ಚಿಕ್ಕದೊಂದಕ್ಕೆ ಪುಸ್ತಕ ನೋಡಿ ಹೆಸರು ಹೇಳಿದಳು:
ಮುಸ್ ಬೂದುಗ.
‘ಇನ್ನೊಮ್ಮೆ ಹೇಳು’ ಅಂದೆ.
ಬೂದುಗ.
ಪರದೇಶದ ಬಾಯಲ್ಲಿ ನಮ್ಮ ಒಲೆಯ ಬೂದಿ!
ಆ ದವಡೆಯನ್ನು ತಟ್ಟೆಗೆ ಹಾಕಲು ತಡ ಮಾಡಿದೆ.

ಆ ಚಳಿಗಾಲ ಅರವತ್ತೊಂದು ಉಂಡೆ, ಆರು ಜಾತಿ.
ಬಾಂದಿನ ಮೇಲೆ ಮುಂಗುಸಿ ಮರಿಗಳು ಸಾಲು ಹಿಡಿದು ಹೋಗುತ್ತಿದ್ದವು.
ಮಾನಸಿನ ಹಲಗೆ ಹತ್ತಿರ ನೀರುನಾಯಿಯ ಹಿಕ್ಕೆ,
ಅದರಲ್ಲಿ ಮಿರುಗುವ ಮೀನಿನ ಹುರುಪೆ.
ಗದ್ದೆ ಎಷ್ಟು ಚಂದ ಅಂದರು ನೋಡಿದವರೆಲ್ಲ.
ಮರುವರ್ಷವೂ ಅಂದರು.
ಮಾನಸಿನ ಹಲಗೆ ಕೊಳೆತು, ಉಬ್ಬರ ಒಳನುಗ್ಗಿ,
ಕೊರ್ಗುಟ್ ಭತ್ತವೂ ಸೋತು ಮಲಗಿದ ಮೇಲೂ
ಹಸಿರಿಗೇನು ಕಡಿಮೆ, ಜೊಂಡು ಬೆಳೆದಿತ್ತಲ್ಲ.
ಬಾಡಿಗೆ ಸೈಕಲ್ಲಿನವರು ನಿಂತು ಫೋಟೋ ಹಿಡಿದರು.

ಮೊರದಲ್ಲಿ ನಲವತ್ತು ಉಂಡೆ, ನಾಲ್ಕು ಜಾತಿ.
ಅದರ ಮುಂದಿನ ಸಲ ಹದಿನೇಳು.
ಮನೆ ಇಲಿ, ಮನೆ ಇಲಿ, ಮನೆ ಇಲಿ,
ಫೆರಿ ಧಕ್ಕೆಯ ಹೋಟೆಲಿನ ಹಿಂದೆ ಕೊಬ್ಬಿದ್ದು.
ಒಂದರಲ್ಲಿ ಚಿಪ್ಸ್ ಪೊಟ್ಟಣದ ಬೆಳ್ಳಿ ಚೂರು.
ಕೂತದ್ದಕ್ಕೆ ಹೆದರಿದ್ದವಳು ನಾನು,
ಕತ್ತಲಾದರೆ ಈಗ ಕೊರಳೆತ್ತಿ ನೋಡುತ್ತೇನೆ,
ಬಂತೋ ಇಲ್ಲವೋ ಅಂತ.

ಲೆನಿತಾಳಿಗೆ ಬರುತ್ತಿದ್ದ ದುಡ್ಡು ನಿಂತಿತು.
ಚಿಮಟ ನನಗೆ ಕೊಟ್ಟು ಹೋದಳು.
ಏಪ್ರಿಲ್‌ನಲ್ಲಿ ಮಿನಿನ್ ಬಾಬ್ ಐದು ಮಂದಿ ಕೂಡಿಸಿ
ಹೊಸ ಹಲಗೆ ಕೂರಿಸಿದ, ಬೆನ್ನು ಹಿಡಿದು ಮಲಗಿದ.
ಮೂರು ದಿನ ಗಂಟೆಯನ್ನೂ ನಾನೇ ಹೊಡೆದೆ.
ಒಂದು ಮಳೆಗಾಲ ಹೋಯಿತು. ಇನ್ನೊಂದು ಅರ್ಧ.

ನಿನ್ನೆ ತೊಲೆಯ ಹಿಂದೆ ಒಂದು ಉಂಡೆ.
ಹಳೆಯದಿರಬಹುದು, ಆ ಸಂದಿಯಲ್ಲಿ
ಎಷ್ಟೋ ವರ್ಷದ್ದು ಸಿಕ್ಕಿಕೊಂಡಿರುತ್ತದೆ.
ಆದರೆ ಹಳೆಯದಕ್ಕೆ ಬಣ್ಣ ಹೋಗಿರುತ್ತದೆ, ಮುಟ್ಟಿದರೆ ಪುಡಿ.
ಇದು ಎಣ್ಣೆ ಸವರಿದ ಹಾಗೆ ಕಪ್ಪಗೆ ಹೊಳೆಯುತ್ತಿತ್ತು.
ಮೂಗಿಗೆ ಹಿಡಿದೆ. ಹಸಿ.

ನೀರು ಕಾಸಿದೆ. ಬಿಡಿಸಿದೆ.
ನುಚ್ಚಕ್ಕಿಯಷ್ಟು ದವಡೆ, ಬಿಳಿ ಗರಗಸ.

ಬೆಂಕಿಪೊಟ್ಟಣದಲ್ಲಿಟ್ಟಿದ್ದೇನೆ.
ಮಿನಿನ್ ಬಾಬ್‌ಗೆ ಹೇಳಿಲ್ಲ.
ಇನ್ನೊಂದು ಸಿಗಲಿ.